ಬಾಲಯೇಸುವಿನ ಅಳತೆ

ಸಾನ್ ಆಂತೋನಿಯೊದಲ್ಲಿ ಉಳಿ ಹಿಡಿಯಲು ಬಾರದ ಗಂಡಿಗೆ ಹೆಣ್ಣು ಸಿಗುವುದು ಕಷ್ಟ. ಇಂಬಾಬುರಾ ಬೆಟ್ಟದ ಬುಡದ ಈ ಊರಿನಲ್ಲಿ ಬೆಳಗಾದರೆ ಕೊಡತಿಯ ಸದ್ದು, ಬಾಗಿಲು ಬಾಗಿಲಿಗೂ ಕಾಲಿಲ್ಲದ, ಕೈ ಮೂಡದ ಮರದ ಸಂತರು ಬಿಸಿಲು ಕಾಯಿಸುತ್ತ ನಿಂತಿರುತ್ತಾರೆ. ಎಲಿಯೆಸೆರ್ ಪುಪಿಯಾಲೆಸ್ ಇಲ್ಲಿಯವನೇ. ಕೆಟ್ಟ ಕೆಲಸಗಾರನಲ್ಲ, ಹಾಗೆ ಯಾರಾದರೂ ಹೇಳಿದರೆ ಅದು ಹೊಟ್ಟೆಕಿಚ್ಚು. ಗಡ್ಡ ಕೆತ್ತುವುದರಲ್ಲಂತೂ ಅವನನ್ನು ಮೀರಿಸಿದವರಿರಲಿಲ್ಲ. ಅವನ ಸಂತ ಜೋಸೆಫರ ಗಡ್ಡ ಮುಟ್ಟಿದರೆ ಕೂದಲು ಬೆರಳಿಗೆ ಸಿಕ್ಕಿಕೊಳ್ಳುತ್ತದೇನೋ ಅನ್ನಿಸುತ್ತಿತ್ತು. ಆದರೆ ತನ್ನ ಬಗ್ಗೆ ಅವನಿಗಿದ್ದ ಅಭಿಮಾನ ಆ ಗಡ್ಡಕ್ಕಿಂತ ಉದ್ದವಾಗಿತ್ತು. ಅವನು ಪಟ್ಟ ಪಾಡಿಗೆಲ್ಲ ಅದೇ ಕಾರಣ.

ಅವನಿಗೆ ಕೆಲಸ ಕಲಿಸಿದವನು ನಿಕಾನೋರ್ ಎಂಬ ಮುದುಕ ಮೇಸ್ತ್ರಿ. ಆ ಮುದುಕ ಅಡಿಕೋಲು ಮುಟ್ಟುತ್ತಿರಲಿಲ್ಲ, ಗಂಟು ಹಾಕಿದ ದಾರದಲ್ಲೇ ಅಳೆಯುತ್ತಿದ್ದ. ತಲೆಯ ಉದ್ದ ಒಂದು ಗಂಟು. ಬೆಳೆದ ಮನುಷ್ಯನ ಮೈ ಅಂಥ ಏಳೂವರೆ ತಲೆ. ಮಕ್ಕಳಿಗೆ ಬೇರೆಯೇ ದಾರ, ಅದರಲ್ಲಿ ವಯಸ್ಸಿಗೊಂದು ಲೆಕ್ಕ. ಆ ಎರಡನೆಯ ದಾರವನ್ನು ಐದನೇ ವರ್ಷದಲ್ಲಿ ಕಲಿಸುತ್ತಿದ್ದ. ಎಲಿಯೆಸೆರ್ ನಾಲ್ಕನೇ ವರ್ಷಕ್ಕೇ ಎಲ್ಲವೂ ಬಂತೆಂದುಕೊಂಡು ಸ್ವಂತ ಅಂಗಡಿ ತೆರೆದುಬಿಟ್ಟ. ಮಗು ಎಂದರೆ ಚಿಕ್ಕ ಮನುಷ್ಯ ತಾನೆ, ದೊಡ್ಡವರನ್ನು ಕುಗ್ಗಿಸಿದರೆ ಆಯಿತು ಎಂಬುದು ಅವನ ಲೆಕ್ಕ.

ಇಪ್ಪತ್ತಾರು ವರ್ಷ ಆ ಲೆಕ್ಕ ಅವನಿಗೆ ಕೈಕೊಡಲಿಲ್ಲ. ಜನ ಅವನಿಂದ ಕೊಳ್ಳುತ್ತಿದ್ದ ಬಾಲಯೇಸುಗಳೆಲ್ಲ ಗೇಣುದ್ದದವು, ಬಟ್ಟೆಯಲ್ಲಿ ಸುತ್ತಿ ಹುಲ್ಲಿನ ಮೇಲೆ ಮಲಗಿಸಿದಂಥವು. ನಮ್ಮ ಕಡೆಯ ಹೆಂಗಸರು ನಿಜವಾದ ಕೂಸುಗಳನ್ನು ಸುತ್ತುವುದೂ ಹಾಗೆಯೇ: ಕೈ ಕಾಲು ನೀಳವಾಗಿ ಸೇರಿಸಿ, ನೇಯ್ದ ಪಟ್ಟಿಯಿಂದ ಕತ್ತಿನಿಂದ ಹಿಮ್ಮಡಿಯವರೆಗೆ ಬಿಗಿಯುತ್ತಾರೆ. ಗಂಡಸರ ಕಣ್ಣಿಗೆ ಬೀಳುವುದು ಒಂದು ಮುಖ ಮತ್ತು ಒಂದು ಗಂಟು. ಬಿಚ್ಚಿ ತೊಳೆದು ಮತ್ತೆ ಕಟ್ಟುವ ಹೊತ್ತಿಗೆ ಗಂಡಸರನ್ನು ಹೊರಗೆ ಅಟ್ಟಿರುತ್ತಾರೆ. ಎಲಿಯೆಸೆರನನ್ನು ಅಟ್ಟುವ ಅಗತ್ಯವೂ ಇರಲಿಲ್ಲ, ಅವನು ಅಂಗಡಿಯಿಂದ ಒಳಗೆ ಬಂದರೆ ತಾನೆ.

ಎಪ್ಪತ್ತೊಂದನೇ ಇಸವಿಯಲ್ಲಿ ಚಿಲ್ಕಲೋಮಾದವರು ಬಂದರು. ಅದು ಮೇಲಿನ ಗುಡ್ಡದ ಹಳ್ಳಿ, ಎರಡು ಗಂಟೆಯ ಏರುದಾರಿ. ಅವರ ಇಗರ್ಜಿಯಲ್ಲಿದ್ದ ಹಳೆಯ ಬಾಲಯೇಸು ಮೇಣದಬತ್ತಿ ತಗುಲಿ ಸುಟ್ಟುಹೋಗಿತ್ತು. ಹೊಸದು ಬೇಕಿತ್ತು. ಗೇಣುದ್ದದ್ದಲ್ಲ, ಹುಟ್ಟಿದ ಕೂಸಿನಷ್ಟೇ ಉದ್ದದ್ದು. ಬಟ್ಟೆ ತೊಡಿಸಲು ಬರುವಂತೆ ಪೂರ್ತಿ ಮೈ ಇರಬೇಕು. ಆ ವರ್ಷದ ಹಬ್ಬದ ಯಜಮಾನಿಕೆ ಅಸುಂತಾ ಫರಿನಾಂಗೊ ಎಂಬ ಹೆಂಗಸಿನದು. ಮೂವತ್ತೈದರ ಆಸುಪಾಸು, ನಾಲ್ಕು ಮಕ್ಕಳ ತಾಯಿ, ಕೊನೆಯದು ಇನ್ನೂ ಬೆನ್ನ ಮೇಲಿನ ಶಾಲಿನಲ್ಲಿತ್ತು. ಚಿಲ್ಕಲೋಮಾದಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ಮೊದಲ ನೀರು ಹಾಕಿ ಪಟ್ಟಿ ಸುತ್ತಲು ಅವಳನ್ನೇ ಕರೆಯುತ್ತಿದ್ದರು. ಅವಳ ಕೈ ತಣ್ಣಗಿನ ಕೈ, ಅವಳು ಎತ್ತಿಕೊಂಡ ಮಗು ಅಳುವುದಿಲ್ಲ ಎಂದು ಹೆಸರಿತ್ತು. ಹೊಲವಿಲ್ಲದ ಅವಳಿಗೆ ಊರಿನಲ್ಲಿದ್ದ ಗೌರವ, ಸಿಗುತ್ತಿದ್ದ ಕಾಳುಕಡ್ಡಿ ಎಲ್ಲ ಆ ಹೆಸರಿನದೇ.

"ಎಳೇ ಮಗೂ ಥರಾನೇ ಇರ್ಬೇಕು ಮೇಸ್ತ್ರಿ," ಎಂದಳು ಅಸುಂತಾ. "ನಮ್ಮಲ್ಲಿ ತಟ್ಟೇಲಿಟ್ಟು ಹೊರಲ್ಲ. ಕ್ರಿಸ್ಮಸ್ ಮೆರವಣಿಗೇಲಿ ಯಜಮಾನಿ ತೋಳಲ್ಲೇ ಎತ್ಕೊಂಡು ಇಗರ್ಜಿ ತಂಕ ಬರ್ಬೇಕು."

"ನನಗೆ ಮಗು ಹೇಗಿರತ್ತೆ ಅಂತ ಹೇಳ್ಕೊಡ್ತೀಯಾ?" ಎಂದ ಎಲಿಯೆಸೆರ್. "ಇನ್ನೂರು ಬಾಲಯೇಸು ಮಾಡಿದ್ದೀನಿ ಕಣಮ್ಮ."

ಸೀಡರ್ ಮರದ ಒಳ್ಳೆಯ ತುಂಡು ಆರಿಸಿ ಎರಡು ತಿಂಗಳು ಕೆತ್ತಿದ. ಮಗುವಲ್ಲವೇ ಎಂದು ಉದಾರವಾಗಿ ಒಂದೂವರೆ ತಲೆ ಬಿಟ್ಟುಕೊಟ್ಟು, ಏಳೂವರೆಯ ಬದಲು ಆರು ತಲೆಗೆ ನಿಲ್ಲಿಸಿದ. ಕೆನ್ನೆ ಉಬ್ಬಿಸಿದ, ಮಣಿಕಟ್ಟಿಗೆ ಗೆರೆ ಹಾಕಿದ. ನೋಡಿದ ಗಂಡಸರೆಲ್ಲ ತಲೆದೂಗಿದರು. ನೀಳ ಕಾಲು, ಸಣ್ಣ ಮುಖ, ಸ್ವಲ್ಪ ಕತ್ತೂ ಕಾಣುತ್ತಿತ್ತು. ಯಾವುದೋ ಅರಸುಮಗನ ಹಾಗಿದೆ ಎಂದ ಪಕ್ಕದ ಅಂಗಡಿಯವನು. ಎಲಿಯೆಸೆರನಿಗೆ ಹಿಡಿಸಲಾರದ ಸಂತೋಷವಾಯಿತು.

ಡಿಸೆಂಬರ್ ಇಪ್ಪತ್ನಾಲ್ಕರ ಬೆಳಿಗ್ಗೆ ಅವನನ್ನು ಮರ್ಯಾದೆಯ ಅತಿಥಿಯಾಗಿ ಚಿಲ್ಕಲೋಮಾಕ್ಕೆ ಕರೆಸಿಕೊಂಡರು. ಅಸುಂತಾಳ ಮನೆಯಂಗಳದಲ್ಲಿ ಕುರ್ಚಿ ಹಾಕಿ, ಆಲೂಗಡ್ಡೆ ಸಾರು, ಹುರಿದ ಜೋಳ, ಬೆಲ್ಲದ ಪಾಕ ಸುರಿದ ಕಜ್ಜಾಯ ಕೊಟ್ಟರು. ಒಳಗೆ ಹೆಂಗಸರು ಬಾಲಯೇಸುವಿಗೆ ಬಟ್ಟೆ ತೊಡಿಸುತ್ತಿದ್ದರು. ಬಹಳ ಹೊತ್ತಾಯಿತು. ಗುಸುಗುಸು ಕೇಳಿಸಿತು, ಯಾರೋ ನಕ್ಕರು, ಇನ್ನೊಬ್ಬಳು ಗದರಿದಳು. ಆಮೇಲೆ ಅಸುಂತಾ ಬಾಗಿಲಿಗೆ ಬಂದಳು, ಕೈಯಲ್ಲಿ ಬಿಳಿಯ ಕುಲಾವಿ.

"ಮೇಸ್ತ್ರಿ, ಕುಲಾವಿ ಕಣ್ಣು ಮುಚ್ಚತ್ತೆ. ಚಡ್ಡಿ ಮಂಡಿ ಹತ್ರಾನೇ ನಿಲ್ಲತ್ತೆ."

"ನೀವು ಅಳತೆ ತಪ್ಪಿ ಹೊಲ್ದಿದ್ದೀರಿ."

"ನನ್ನ ಮಗು ಹುಟ್ದಾಗಿನ ಅಳತೇಗೇ ಹೊಲ್ದಿದ್ದು ಮೇಸ್ತ್ರಿ. ಉದ್ದ ಇಬ್ಬರದೂ ಒಂದೇ."

"ಹಾಗಾದ್ರೆ ನಿನ್ನ ಮಗಂದು ಕುಂಬಳಕಾಯಿ ತಲೆ," ಎಂದ ಎಲಿಯೆಸೆರ್. ಅಂಗಳದಲ್ಲಿದ್ದ ಗಂಡಸರು ಗೊಳ್ಳೆಂದು ನಕ್ಕರು. ಅಸುಂತಾ ಕುಲಾವಿಯನ್ನು ಕೈಯಲ್ಲೇ ತಿರುಗಿಸುತ್ತ ಒಂದು ಕ್ಷಣ ನಿಂತು ಒಳಗೆ ಹೋದಳು. ಕುಲಾವಿಯೊಳಗೆ ಹತ್ತಿ ತುರುಕಿ ಹೇಗೋ ನಿಲ್ಲಿಸಿದರು.

ಮೆರವಣಿಗೆ ಹೊರಟಿತು. ಮುಂದೆ ವಾದ್ಯದವರು, ಹಿಂದೆ ಕುರುಬರ ವೇಷದ ಮಕ್ಕಳು, ನಡುವೆ ಅಸುಂತಾ. ಹೆಂಗಸರು ಕೂಸನ್ನು ಎತ್ತುವ ರೀತಿಯಲ್ಲೇ ಅವಳು ಬಾಲಯೇಸುವನ್ನು ಎತ್ತಿಕೊಂಡಿದ್ದಳು: ತಲೆ ಮೊಣಕೈ ಮಡಿಕೆಯಲ್ಲಿ, ಅಂಡು ಅಂಗೈಯಲ್ಲಿ. ಎಲಿಯೆಸೆರ್ ಪಕ್ಕದಲ್ಲೇ ನಡೆಯುತ್ತಿದ್ದ. ಅವಳು ಎರಡು ಹೆಜ್ಜೆಗೊಮ್ಮೆ ಅದನ್ನು ಮೇಲೆತ್ತಿ ಸರಿಮಾಡಿಕೊಳ್ಳುವುದನ್ನು ಕಂಡ. ಹೊಸ ಶಾಲಿನ ಜಾರುಬಟ್ಟೆ ಇರಬೇಕು ಎಂದುಕೊಂಡ. ಇಗರ್ಜಿಯ ಮೆಟ್ಟಿಲ ಮೇಲೆ, ಪಾದ್ರಿ ಕೈ ಚಾಚುವ ಹೊತ್ತಿಗೆ, ಬಾಲಯೇಸು ಅವಳ ತೋಳಿನಿಂದ ಕಾಲು ಮುಂದಾಗಿ ಜಾರಿತು. ಅವಳು ಎದೆಗೊತ್ತಿ ಹಿಡಿಯಲು ನೋಡಿದಳು, ಆಗಲಿಲ್ಲ. ಕಲ್ಲಿನ ಮೇಲೆ ಬಿತ್ತು. ಬಲಗೈ ಮಣಿಕಟ್ಟಿನಲ್ಲಿ ಮುರಿದು ಎರಡು ಮೆಟ್ಟಿಲು ಕೆಳಗೆ ಉರುಳಿತು.

ವಾದ್ಯ ನಿಂತಿತು. ಅಸುಂತಾ ಮಂಡಿಯೂರಿ ಮರದ ಕೈಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ಜನ ಅವಳಿಗೆ ದಾರಿ ಬಿಟ್ಟು ನಿಂತರು, ಯಾರೊಬ್ಬರೂ ಬಗ್ಗಲಿಲ್ಲ. ಎಲಿಯೆಸೆರನೂ ಬಗ್ಗಲಿಲ್ಲ. ಎರಡು ತಿಂಗಳ ಕೆಲಸ ಹಾಳುಮಾಡಿದಳಲ್ಲ ಎಂದು ಅವನಿಗೆ ಸಿಟ್ಟು ಬಂದಿತ್ತು, ಅದನ್ನು ಊರಿನ ಹಿರಿಯರಿಗೆ ಹೇಳಿಯೂ ಬಂದ.

ಜನವರಿಯ ಎರಡನೇ ವಾರ ಅಸುಂತಾ ಮೂರ್ತಿಯನ್ನು ಶಾಲಿನಲ್ಲಿ ಕಟ್ಟಿಕೊಂಡು ಅಂಗಡಿಗೆ ಬಂದಳು. ಒಬ್ಬಳೇ ಬಂದಿದ್ದಳು. ಬಾಗಿಲ ಬಳಿಯ ಮೋಟುಮರದ ಮೇಲೆ ಕೂತು, ಮುರಿದ ಕೈಯನ್ನು ಮೇಜಿನ ಮೇಲಿಟ್ಟಳು.

"ಒಂದು ವಾರದಲ್ಲಿ ಅಂಟಿಸಿ ಬಣ್ಣ ಹಾಕ್ತೀನಿ," ಎಂದ ಎಲಿಯೆಸೆರ್. "ಕೂಲಿ ಬೇಡ. ಆಗಿದ್ದು ಆಗಿಹೋಯ್ತು. ಇನ್ಮೇಲೆ ಹುಷಾರಾಗಿ ಎತ್ಕೊಳ್ಳೋರ ಕೈಗೆ ಕೊಡಿ."

"ಇನ್ನು ನನ್ನ ಕೈಗೆ ಯಾರು ಕೊಡ್ತಾರೆ ಮೇಸ್ತ್ರಿ? ಮೊನ್ನೆ ನಮ್ಮ ಅಕ್ಕನ ಸೊಸೆಗೆ ಹೆರಿಗೆ ಆಯ್ತು. ನೀರು ಹಾಕೋಕೆ ಆಚೆ ಊರಿಂದ ಬೇರೆಯೋಳನ್ನ ಕರೆಸಿದ್ರು. ದೇವರನ್ನೇ ಬೀಳ್ಸಿದೋಳು ನಮ್ಮ ಮಗೂನ ಬಿಡ್ತಾಳಾ ಅಂದ್ರಂತೆ."

ಎಲಿಯೆಸೆರ್ ಉಳಿಗೆ ಸಾಣೆ ಹಿಡಿಯುತ್ತ ಹ್ಞೂಂಗುಟ್ಟಿದ. ಅವಳು ಏಳಲಿಲ್ಲ. ಮೂರ್ತಿಯನ್ನು ನೋಡುತ್ತ, ಅವನನ್ನು ನೋಡುತ್ತ ಬಹಳ ಹೊತ್ತು ಕೂತಿದ್ದಳು. ಒಂದೆರಡು ಸಲ ಬಾಯಿ ತೆರೆದು ಮುಚ್ಚಿದಳು. ಅವಳಿಗೆ ಸಾಲಗೀಲ ಬೇಕೇನೋ ಎಂದು ಅವನು ತಲೆಯೆತ್ತಲಿಲ್ಲ. ಕೊನೆಗೆ ಅವಳು ಶಾಲು ಕೊಡವಿಕೊಂಡು ಹೊರಟುಹೋದಳು.

ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ಸೊಯ್ಲಾ ಊಟದ ತಟ್ಟೆ ತಂದಳು. ಮೇಜಿನ ಮೇಲೆ ಜಾಗವಿರಲಿಲ್ಲ. ಬಾಲಯೇಸುವನ್ನು ಎತ್ತಿ, ಯಾವ ಯೋಚನೆಯೂ ಇಲ್ಲದೆ, ಐದು ಮಕ್ಕಳನ್ನು ಎತ್ತಿದ ತೋಳಿನಲ್ಲಿ ಮಲಗಿಸಿಕೊಂಡಳು. ಅದು ಜಾರಿತು. ಅವಳು ಮಂಡಿ ಕೊಟ್ಟು ತಡೆದಳು. ಮತ್ತೊಮ್ಮೆ ಸರಿಯಾಗಿ ಎತ್ತಿಕೊಂಡಳು. ಮತ್ತೆ ಕಾಲಿನ ಕಡೆಗೆ ಎಳೆಯಿತು.

"ಏನಿದು?" ಎಂದಳು. ಮೂರ್ತಿಯನ್ನು ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ನೋಡಿದಳು. "ಇದು ಕೂಸಲ್ಲ. ಕುಳ್ಳ ಗಂಡಸು."

"ನಿನಗೇನು ಗೊತ್ತು ಕೆತ್ತನೆ ವಿಷಯ."

"ಕೆತ್ತನೆ ಗೊತ್ತಿಲ್ಲ. ಮಗು ಗೊತ್ತು. ಮಗೂಗೆ ಭಾರ ಎಲ್ಲಾ ತಲೇಲಿರತ್ತೆ. ಇಲ್ಲಿ ನಮ್ಮ ಮೊಣಕೈಗೆ ಬಂದು ಕೂತ್ಕೊಳತ್ತೆ. ಕಾಲು ಇದೆಯೋ ಇಲ್ವೋ ಅನ್ನೋ ಹಾಗಿರತ್ತೆ. ಇದರ ತಲೆ ನಿಂಬೆಹಣ್ಣು, ಕಾಲು ನೋಡಿದ್ರೆ ನಾಳೆ ಮದುವೆ ಮಾಡ್ಬಹುದು. ತಬ್ಬಿಕೊಂಡು ನಿಂತ್ರೂ ಜಾರತ್ತೆ. ಪಾಪ ಆ ಹೆಂಗಸು ಮೆಟ್ಟಿಲ ತನಕ ಹೇಗೆ ತಂದಳೋ."

ಸೊಯ್ಲಾ ಅಷ್ಟಕ್ಕೆ ಬಿಡುವವಳಲ್ಲ.

"ಐದು ಹೆತ್ತೆ. ಒಂದನ್ನಾದ್ರೂ ಎತ್ಕೊಂಡಿದ್ದೀರಾ? ಬೆಲಿಸಾರಿಯೊ ಹುಟ್ಟಿದ ದಿನ ಕೂಗಿ ಕರೆದ್ರೆ ಸಂತ ಜೋಸೆಫರ ಗಡ್ಡ ಮುಗೀಲಿ, ಬರ್ತೀನಿ ಅಂದ್ರಿ. ಗಡ್ಡ ಮುಗಿಯೋಕೆ ಮೂರು ದಿನ ಆಯ್ತು. ಇಲ್ಲೇ, ಈ ಗೋಡೆ ಆಚೆ."

ಉತ್ತರ ಕೊಡಲು ಅವನು ನೆನಪು ಕೆದಕಿದ. ಹುಡುಗರು ಓಡಾಡುತ್ತಿದ್ದದ್ದು ನೆನಪಿತ್ತು, ಅಂಗಡಿಗೆ ನುಗ್ಗಿದಾಗ ಬೈದದ್ದು ನೆನಪಿತ್ತು. ಒಂದರ ಅಂಗಾಲು, ಒಂದರ ನೆತ್ತಿ, ಒಂದರ ಭಾರ, ಏನೂ ನೆನಪಿರಲಿಲ್ಲ. ಐವತ್ತು ವರ್ಷದ ಗಂಡಸಿಗೆ ಕಿವಿಯವರೆಗೂ ಬಿಸಿಯೇರಿತು. ತಟ್ಟೆಯನ್ನು ಹಾಗೆಯೇ ಬಿಟ್ಟು ಎದ್ದುಹೋಗಿ ಹಿತ್ತಿಲಿನಲ್ಲಿ ಮರದ ತುಂಡುಗಳನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಎತ್ತಿಟ್ಟ.

ಮರುದಿನ ತಾನಾಗಿಯೇ ಸೊಯ್ಲಾಳ ಮುಂದೆ ನಿಂತು, ಅವಳ ತಂಗಿಯ ಮಗಳ ಮನೆಗೆ ಕರೆದುಕೊಂಡು ಹೋಗೆಂದು ಕೇಳಿದ. ಅಲ್ಲಿ ಹನ್ನೊಂದು ದಿನದ ಕೂಸಿತ್ತು. ಬಾಣಂತಿ ಅವನನ್ನು ಕಂಡು ಹೊದಿಕೆ ಎಳೆದುಕೊಂಡಳು. ಸೊಯ್ಲಾ ಪಟ್ಟಿ ಬಿಚ್ಚಿ ಮಗುವನ್ನು ಹಾಸಿಗೆಯ ಮೇಲೆ ಬಿಟ್ಟಳು. ಪಟ್ಟಿಯ ಬಿಗಿ ಕಳೆದ ಕೂಡಲೇ ಅದರ ಕಾಲುಗಳು ಮಡಚಿ ಹೊಟ್ಟೆಗೆ ಹತ್ತಿದವು. ಎಲಿಯೆಸೆರ್ ದಾರ ತೆಗೆದು ತಲೆ ಅಳೆದ, ಮೈ ಅಳೆದ. ನಾಲ್ಕು. ತಪ್ಪಾಯಿತೆಂದು ಮತ್ತೆ ಅಳೆದ. ಮತ್ತೆ ನಾಲ್ಕೇ. ದೊಡ್ಡವರಲ್ಲಿ ಮೈಯ ನಡು ತೊಡೆಯ ಸಂದಿಗೆ ಬರುತ್ತದೆ; ಇಲ್ಲಿ ಹೊಕ್ಕುಳಿಗೆ ಬಂದಿತ್ತು. ಕತ್ತೆಂಬುದೇ ಇರಲಿಲ್ಲ. ತೋಳನ್ನು ಮೆಲ್ಲಗೆ ಮೇಲೆತ್ತಿದರೆ ಮುಷ್ಟಿ ನೆತ್ತಿಯ ಮಟ್ಟಕ್ಕೆ ಬಂದು ನಿಂತಿತು, ದಾಟಲಿಲ್ಲ. ಅವನು ಚಿಲ್ಕಲೋಮಾಕ್ಕೆ ಕೊಟ್ಟ ಬಾಲಯೇಸು ಬೇಕೆಂದರೆ ತಲೆಯ ಮೇಲಿಂದ ಕೈ ಹಾಕಿ ಆಚೆ ಕಿವಿ ತುರಿಸಿಕೊಳ್ಳಬಹುದಿತ್ತು.

"ಎತ್ಕೊಳ್ಳಿ," ಎಂದಳು ಸೊಯ್ಲಾ.

"ಬೇಡ, ಕೈ ಒರಟು," ಎಂದು ಅವನು ದಾರ ಸುತ್ತಿಕೊಂಡ.

ಆಮೇಲೆ ಒಂದು ವಾರ ಅವನಿಗೆ ಹುಚ್ಚು ಹಿಡಿದಂತಾಯಿತು. ದಾರ ಹಿಡಿದು ಬೀದಿ ಬೀದಿ ಸುತ್ತಿದ, ಸಿಕ್ಕಿದ ಮಗುವನ್ನೆಲ್ಲ ನಿಲ್ಲಿಸಿ ಅಳೆದ. ನಮ್ಮೂರಿನಲ್ಲಿ ಮರಗೆಲಸದವನು ಮಗುವನ್ನು ದಾರದಿಂದ ಅಳೆದರೆ ಅದಕ್ಕೊಂದೇ ಅರ್ಥ.

"ಏನ್ ಮೇಸ್ತ್ರಿ, ನನ್ನ ಮಗೂಗೆ ಹೆಣದ ಪೆಟ್ಟಿಗೆ ಮಾಡೋಕೆ ಹೊರಟ್ರಾ?" ಎಂದು ಬಟ್ಟೆ ಒಗೆಯುವ ಕಟ್ಟೆಯ ಹೆಂಗಸೊಬ್ಬಳು ಒದ್ದೆ ಬಟ್ಟೆ ಹಿಡಿದು ಅಟ್ಟಿಸಿಕೊಂಡು ಬಂದಳು. "ಮುದುಕರನ್ನ ಅಳೀರಿ, ನಮ್ಮ ಅತ್ತೆ ಖಾಲಿ ಕೂತಿದ್ದಾಳೆ."

ಅವನು ಬೈಸಿಕೊಂಡೇ ಅಳೆದ. ಎರಡು ವರ್ಷದ್ದು ಐದು ತಲೆ. ಆರೇಳು ವರ್ಷದ್ದು ಆರು. ಹನ್ನೆರಡರ ಹುಡುಗಿ ಏಳರ ಹತ್ತಿರ. ತಲೆ ಅಷ್ಟಿಷ್ಟು ಬೆಳೆಯುತ್ತದೆ, ಹುಟ್ಟಿನಿಂದ ಎರಡು ಪಟ್ಟು ಕೂಡ ಆಗುವುದಿಲ್ಲ. ಕೈ ನಾಲ್ಕು ಪಟ್ಟಾಗುತ್ತದೆ, ಕಾಲು ಐದು ಪಟ್ಟಾಗುತ್ತದೆ. ಒಂದೇ ಮೈಯಲ್ಲಿದ್ದೂ ಒಂದೊಂದು ಅಂಗಕ್ಕೆ ಒಂದೊಂದು ವೇಗ. ಮಗು ಚಿಕ್ಕ ಮನುಷ್ಯ ಅಲ್ಲವೇ ಅಲ್ಲ, ಅದು ಬೇರೆಯೇ ಆಕಾರದಿಂದ ಹೊರಟು ಇಪ್ಪತ್ತು ವರ್ಷ ನಡೆದು ಇಲ್ಲಿಗೆ ಬರುತ್ತದೆ. ತಾಯಂದಿರಿಗೆಲ್ಲ ಗೊತ್ತಿದ್ದ ವಿಷಯವನ್ನು ಅವನು ದಾರದಿಂದ ಕಂಡುಹಿಡಿದ. ಅವನ ಮನೆಯಲ್ಲೇ ಐದು ಮೈಗಳು ಆ ಇಪ್ಪತ್ತು ವರ್ಷ ನಡೆದಿದ್ದವು. ಅದನ್ನು ನೆನೆದಾಗಲೆಲ್ಲ ಅವನಿಗೆ ಸೊಯ್ಲಾಳ ಮುಖ ನೋಡಲಾಗುತ್ತಿರಲಿಲ್ಲ.

ಆದರೆ ನಾಚಿಕೆ ಬಂದ ಮಾತ್ರಕ್ಕೆ ಮನುಷ್ಯ ನೆಟ್ಟಗಾಗುವುದಿಲ್ಲ. ಎಲಿಯೆಸೆರ್ ಆಗಲಿಲ್ಲ. ಚಿಲ್ಕಲೋಮಾಕ್ಕೆ ಹೋಗಿ ತಪ್ಪು ನನ್ನದು ಎಂದು ಹೇಳಲು ಅವನು ಸಿದ್ಧನಿರಲಿಲ್ಲ. ಬೆಟ್ಟದ ಸುತ್ತ ಹತ್ತು ಊರಿಗೆ ಸುದ್ದಿ ಹೋಗುತ್ತದೆ, ಮಗು ಕೆತ್ತಲು ಬಾರದ ಮೇಸ್ತ್ರಿ ಎಂದು ಹುಡುಗರೂ ನಗುತ್ತಾರೆ. ಅದರ ಬದಲು ಬೇರೆ ಕೆಲಸವೆಲ್ಲ ಬದಿಗಿಟ್ಟು, ಹಗಲು ರಾತ್ರಿ ಕೂತು ಸದ್ದಿಲ್ಲದೆ ಇನ್ನೊಂದು ಮೂರ್ತಿ ಕೆತ್ತಿದ. ನಾಲ್ಕು ತಲೆ, ಉಬ್ಬಿದ ಹಣೆ, ಮಡಚಿದ ಗಿಡ್ಡ ಕಾಲು. ಮುಗಿದ ದಿನ ಸೊಯ್ಲಾ ಅದನ್ನು ಎತ್ತಿಕೊಂಡಾಗ ಅವಳ ಮೈ ತಾನಾಗಿ ತೂಗಾಡಿತು. ಅಷ್ಟು ಸಾಕು, ಹೊಸದು ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಫೆಬ್ರವರಿ ಎರಡು, ಮೇಣದಬತ್ತಿ ಹಬ್ಬ. ಬಾಲಯೇಸುವನ್ನು ಕ್ರಿಸ್ಮಸ್ಸಿಗೆ ಕಟ್ಟಿದ ಕೊಟ್ಟಿಗೆಯಿಂದ ಎತ್ತಿ ಇಗರ್ಜಿಗೆ ತರುವ ದಿನ. ಎಲಿಯೆಸೆರ್ ಹೊಸ ಮೂರ್ತಿಯನ್ನು ಹೊತ್ತು ಗುಡ್ಡ ಹತ್ತಿದ. ಮುರಿದ ದೇವರನ್ನು ಊರು ಇಟ್ಟುಕೊಳ್ಳಬಾರದು, ಇದು ನನ್ನ ಕಾಣಿಕೆ ಎಂದ. ಊರು ಕರಗಿಹೋಯಿತು. ಅಂದು ಹತ್ತಿ ತುರುಕಿ ನಿಲ್ಲಿಸಿದ್ದ ಕುಲಾವಿ ಹೊಸದರ ತಲೆಗೆ ಹೇಳಿ ಮಾಡಿಸಿದಂತೆ ಕೂತಿತು. ಗುಡ್ಡದ ಹಿರಿಯ, ಎಲ್ಲರೂ ತಾಯಿತಾ, ಅಂದರೆ ಅಪ್ಪ, ಎಂದು ಕರೆಯುವ ಎಂಬತ್ತರ ಕಯೆತಾನೊ, ಎಲಿಯೆಸೆರನ ಕೈ ಹಿಡಿದು ಮುತ್ತಿಟ್ಟ. ಅವನು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.

ಯಜಮಾನಿಕೆ ಬೇರೆಯವರಿಗೆ ಹೋಗಿತ್ತು. ಹೊನೊರಿನಾ ಎಂಬ ದಪ್ಪನೆಯ ಹೆಂಗಸು ಹೊಸ ಬಾಲಯೇಸುವನ್ನು ತೋಳಿನಲ್ಲಿಟ್ಟುಕೊಂಡು ಮೆರವಣಿಗೆಯಲ್ಲಿ ನಡೆದಳು. ಒಂದು ಸಲವೂ ಸರಿಮಾಡಿಕೊಳ್ಳಲಿಲ್ಲ, ಮೆಟ್ಟಿಲನ್ನು ಅಲುಗಾಡದೆ ಹತ್ತಿದಳು.

"ನೋಡಿದ್ರಾ," ಎಂದಳು ಪಕ್ಕದ ಹೆಂಗಸು, ಎಲ್ಲರಿಗೂ ಕೇಳುವಂತೆ. "ಎತ್ಕೊಳ್ಳೋಕೆ ಬರೋರು ಎತ್ಕೊಂಡ್ರೆ ದೇವರು ಯಾಕೆ ಜಾರ್ತಾನೆ?"

"ಅವಳ ಕೈಗೆ ಏನೋ ತಗುಲಿದೆ," ಎಂದಳು ಇನ್ನೊಬ್ಬಳು. "ನನ್ನ ಮೊಮ್ಮಗೂಗೆ ಅವಳೇ ನೀರು ಹಾಕಿದ್ಲು. ಈಗ ನೆನೆಸ್ಕೊಂಡ್ರೆ ಮೈ ನಡುಗತ್ತೆ."

ಅಸುಂತಾ ಗೋಡೆಯ ಪಕ್ಕ ನಿಂತಿದ್ದಳು. ಎಲಿಯೆಸೆರ್ ಅವಳನ್ನು ಆಗ ಕಂಡ. ಅವಳ ಬಳಿ ನಿಂತಿದ್ದ ಎಳೆಯ ತಾಯಿಯೊಬ್ಬಳು ಬೆನ್ನ ಮೇಲಿದ್ದ ಕೂಸನ್ನು ಎದೆಯ ಕಡೆಗೆ ತಿರುಗಿಸಿಕೊಂಡು ದೂರ ಸರಿದಳು. ಹೊಸ ಮೂರ್ತಿ ಬರುವ ಮೊದಲು ಅದು ಒಂದು ದಿನದ ಅನಾಹುತವಾಗಿತ್ತು; ಯಾರದೇ ಕೈಯಾದರೂ ಜಾರಬಹುದಿತ್ತು. ಈಗ ಹೊನೊರಿನಾಳ ತೋಳಿನಲ್ಲಿ ನೆಮ್ಮದಿಯಾಗಿ ಮಲಗಿದ ಬಾಲಯೇಸು ಅಸುಂತಾಳೇ ಕೆಟ್ಟವಳೆಂದು ಸಾಕ್ಷಿ ಹೇಳುತ್ತಿತ್ತು. ಆ ಸಾಕ್ಷಿಯನ್ನು ಕೆತ್ತಿ, ಹೊತ್ತು ತಂದು, ಮುತ್ತು ಇಡಿಸಿಕೊಂಡವನು ತಾನು. ಎಲಿಯೆಸೆರನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಊಟಕ್ಕೆ ಎಳೆದಾಡಿದರೂ ಕೇಳದೆ ಗುಡ್ಡ ಇಳಿದ.

ಮೂರು ವಾರ ಅವನ ಕೊಡತಿ ಸರಿಯಾಗಿ ಬೀಳಲಿಲ್ಲ. ದುರಸ್ತಿ ಮಾಡಿದ ಹಳೆಯ ಬಾಲಯೇಸು ಅಂಗಡಿಯ ಮೂಲೆಯಲ್ಲಿತ್ತು. ಗಿರಾಕಿಗಳು ಹೊಗಳಿದರೆ ಬೈದಂತೆ ಕೇಳಿಸುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಸೊಯ್ಲಾ ಬಾರ್ಲಿ ಗಂಜಿ ಬಡಿಸುತ್ತ, ಅವನ ಮುಖ ನೋಡದೆ ಹೇಳಿದಳು.

"ಆ ಹೆಂಗಸು ಸಾನ್ ರೋಕೆ ಕಡೆ ಈರುಳ್ಳಿ ಕೀಳೋ ಕೂಲಿಗೆ ಹೋಗ್ತಾಳಂತೆ. ಮಗೂನ ಗದ್ದೆ ಬದುವಲ್ಲಿ ಮಲಗಿಸಿ."

ಅವನು ಗಂಜಿ ಮುಗಿಸದೆ ಎದ್ದು ಟೋಪಿ ಹಾಕಿಕೊಂಡು, ಹಳೆಯ ಮೂರ್ತಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡ. ಚಿಲ್ಕಲೋಮಾ ತಲುಪುವಾಗ ಪೂಜೆ ಮುಗಿಯುತ್ತ ಬಂದಿತ್ತು. ಪಾದ್ರಿ ಆಶೀರ್ವಾದ ಮುಗಿಸಿದ ಕೂಡಲೇ ಎಲಿಯೆಸೆರ್ ಮುಂದೆ ಹೋಗಿ, ಎರಡು ಮಾತಾಡಬೇಕು ಎಂದ. ಇನ್ನೊಂದು ಕಾಣಿಕೆ ತಂದಿರಬೇಕೆಂದು ಎಲ್ಲರೂ ನಗುಮುಖದಿಂದ ಕೂತರು.

"ಹೊನೊರಿನಾ, ಬಾಮ್ಮ ಇಲ್ಲಿ," ಎಂದ. "ಇದನ್ನ ಎತ್ಕೋ. ಮಗೂನ ಎತ್ಕೊಳ್ಳೋ ಹಾಗೆ."

ಹೊನೊರಿನಾ ಎತ್ತಿಕೊಂಡಳು. ಎರಡು ಹೆಜ್ಜೆ ನಡಿ ಎಂದ. ಮೂರನೆಯ ಹೆಜ್ಜೆಗೆ ಬಾಲಯೇಸು ಕಾಲು ಮುಂದಾಗಿ ಜಾರಿತು. ಅವನು ಕೆಳಗೆ ಕೈಯೊಡ್ಡಿಕೊಂಡೇ ಇದ್ದ. ಆಮೇಲೆ ಮೈ ನಡುಗುತ್ತದೆ ಎಂದಿದ್ದ ಅಜ್ಜಿಯ ತೋಳಿಗೆ ಕೊಟ್ಟ. ಅವಳು ಎರಡು ಕೈಯಲ್ಲಿ ಅವುಚಿಕೊಂಡರೂ ಅದು ಸೊಂಟದವರೆಗೆ ಇಳಿಯಿತು. ಇನ್ನೊಬ್ಬಳಿಗೆ ಕೊಟ್ಟ. ಮತ್ತೊಬ್ಬಳಿಗೆ ಕೊಟ್ಟ. ಯಾರ ತೋಳಿನಲ್ಲೂ ಅದು ನಿಲ್ಲಲಿಲ್ಲ.

"ಎಳೇ ಮಗೂ ಮೈ ನಾಲ್ಕು ತಲೆ ಉದ್ದ," ಎಂದ ಎಲಿಯೆಸೆರ್. "ನಾನು ಆರು ಕೆತ್ತಿದೆ. ಇದು ಏಳು ವರ್ಷದ ಹುಡುಗನ ಮೈ. ಕುಗ್ಗಿಸಿ ಕೂಸು ಅಂತ ಕೊಟ್ಟೆ. ನನಗೆ ಮಗು ಕೆತ್ತೋಕೆ ಬರ್ತಿರಲಿಲ್ಲ. ಮಗು ಹೇಗಿರತ್ತೆ ಅಂತ ನೋಡೇ ಇರಲಿಲ್ಲ, ಐದು ಮಕ್ಕಳಿದ್ದೂ. ಅಸುಂತಾ ಅಲ್ಲದೆ ಬೇರೆ ಯಾರಾಗಿದ್ರೂ ಇದು ಮನೆ ಬಾಗಿಲಲ್ಲೇ ಬಿದ್ದಿರೋದು. ಅವಳು ಇಗರ್ಜಿ ಮೆಟ್ಟಿಲ ತನಕ ತಂದಳು. ತಪ್ಪು ನನ್ನದು. ಗೊತ್ತಾಗಿ ಒಂದೂವರೆ ತಿಂಗಳಾಯ್ತು. ಹೇಳಲಿಲ್ಲ."

ಮುಂದಿನ ಸಾಲಿನಲ್ಲಿದ್ದ ತಾಯಿತಾ ಕಯೆತಾನೊ ಕೋಲು ಊರಿಕೊಂಡು ಎದ್ದ.

"ನಾನು ನಿನ್ನ ಕೈಗೆ ಮುತ್ತಿಟ್ಟೆ," ಎಂದ. "ಆಗ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು ತಾಯಿತಾ."

ಮುದುಕ ತೋಳಿನಿಂದ ಬಾಯಿ ಒರೆಸಿಕೊಂಡು ಹೊರಗೆ ನಡೆದ. ಅವನ ಹಿಂದೆ ಒಬ್ಬೊಬ್ಬರೇ ಎದ್ದರು. ಹೆಂಗಸರು ಎಲಿಯೆಸೆರನಿಂದ ದೂರ ಸರಿದು ಹೋದರು, ಯಾರೂ ಬೈಯಲೂ ಇಲ್ಲ. ಬೈದಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತು.

ಅವನು ಹೊರಗೆ ಬಂದಾಗ ಅಸುಂತಾ ಮೆಟ್ಟಿಲ ಕೆಳಗೆ ನಿಂತಿದ್ದಳು. ಅವಳ ಸುತ್ತ ನಾಲ್ಕಾರು ಹೆಂಗಸರು ಸೇರಿದ್ದರು. ಕೂಸನ್ನು ದೂರ ಸರಿಸಿಕೊಂಡಿದ್ದ ಎಳೆಯ ತಾಯಿ ಏನೋ ಹೇಳುತ್ತ ಅಳುತ್ತಿದ್ದಳು. ಅವನನ್ನು ಕಂಡು ಅಸುಂತಾ ಅವರನ್ನು ಬಿಟ್ಟು ಈಚೆಗೆ ಬಂದಳು. ಎಲಿಯೆಸೆರ್ ಟೋಪಿ ತೆಗೆದ.

"ನಿನಗೆ ಮೊದಲೇ ಹೇಳ್ಬೇಕಿತ್ತು," ಎಂದ. "ನಿನ್ನ ತಪ್ಪಲ್ಲ ಅಂತ ನಿನಗಾದ್ರೂ ಗೊತ್ತಿರ್ಬೇಕಿತ್ತು."

"ನನಗೆ ಗೊತ್ತಿತ್ತು ಮೇಸ್ತ್ರಿ," ಎಂದಳು ಅಸುಂತಾ.

ಅವನು ತಲೆಯೆತ್ತಿದ.

"ಮುನ್ನೂರು ಕೂಸಿಗೆ ನೀರು ಹಾಕಿದ ಕೈ ಇದು. ಬಟ್ಟೆ ತೊಡಿಸೋಕೆ ಎತ್ಕೊಂಡ ತಕ್ಷಣವೇ ಗೊತ್ತಾಯ್ತು. ಹೇಳೋಣ ಅಂತಾನೇ ಕುಲಾವಿ ಹಿಡ್ಕೊಂಡು ಹೊರಗೆ ಬಂದೆ, ನೀವು ತಮಾಷೆ ಮಾಡಿದ್ರಿ. ಆಮೇಲೆ ನಿಮ್ಮ ಅಂಗಡಿಗೆ ಬಂದೆನಲ್ಲ, ಆವತ್ತೂ ಹೇಳೋಕೇ ಬಂದಿದ್ದು."

"ಮತ್ಯಾಕೆ ಹೇಳಲಿಲ್ಲ?"

ಅಸುಂತಾ ಬೆನ್ನ ಮೇಲಿನ ಶಾಲನ್ನು ಸಡಿಲಿಸಿ, ಮಗುವಿನ ತಲೆಯನ್ನು ಭುಜದ ಮೇಲಕ್ಕೆ ಸರಿಸಿಕೊಂಡಳು.

"ಅಂಗಡಿ ತುಂಬ ನಿಮ್ಮ ಸಂತರು ನಿಂತಿದ್ರು. ಈ ವಯಸ್ಸಲ್ಲಿ, ಇಷ್ಟು ಹೆಸರು ಮಾಡಿದೋರಿಗೆ ಹೇಗೆ ಹೇಳೋದು ಅನ್ನಿಸ್ತು. ನಿಮಗೆ ನಾಚಿಕೆ ಆಗತ್ತೆ ಅಂತ ಸುಮ್ಮನೆ ಬಂದ್ಬಿಟ್ಟೆ."

ಅಷ್ಟು ಹೇಳಿ ಅವಳು, ಕಾಯುತ್ತಿದ್ದ ಹೆಂಗಸರ ಕಡೆಗೆ ಹೋದಳು. ಎಲಿಯೆಸೆರ್ ಕಂಬಳಿಯ ಗಂಟನ್ನು ಕಂಕುಳಲ್ಲಿ ಇರುಕಿಕೊಂಡು, ಟೋಪಿ ಕೈಯಲ್ಲೇ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ. ಅಂಗಳದಲ್ಲಿ ಎಲ್ಲರೂ ಅವನನ್ನು ನೋಡುತ್ತಿದ್ದರು. ಅವರ ನಡುವೆ ಹಾದು ಊರು ದಾಟುವವರೆಗೂ ಅವನು ಟೋಪಿಯನ್ನು ತಲೆಗಿಡಲಿಲ್ಲ.